ಘಟ್ಟದಿಂದ ಕಡಲಿಗೆ ಸೈಕಲ್ ಮೇಲೆ: ಉತ್ತರ ಕನ್ನಡದ ಸದ್ದಿಲ್ಲದ ರಸ್ತೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ ಕಡೆ ಸೈಕಲ್ ತುಳಿಯಲು ಬರುವವರು ನನ್ನ ಬಳಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಫೋನಿನಲ್ಲಿ ಹೇಳುವಾಗ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಇಲ್ಲಿ ಕೂತು ಬರೆದಿಟ್ಟಿದ್ದೇನೆ. ಜೋರಾಗಿ ಓಡಿಸುವವರಿಗೆ, ದಿನಕ್ಕೆ 200 ಕಿ.ಮೀ. ಮುಗಿಸುವವರಿಗೆ ಇದು ಅಷ್ಟು ಉಪಯೋಗಕ್ಕೆ ಬರಲಿಕ್ಕಿಲ್ಲ. ನಿಧಾನ ಹೋಗಬೇಕು, ಲಾರಿ ಹಾರ್ನ್ ಕೇಳಬಾರದು, ದಾರಿಯಲ್ಲಿ ಸಿಕ್ಕವರ ಜೊತೆ ನಾಲ್ಕು ಮಾತಾಡಬೇಕು ಅನ್ನುವವರಿಗಾಗಿ ಬರೆದದ್ದು.

ಉತ್ತರ ಕನ್ನಡವೇ ಯಾಕೆ?

ಘಟ್ಟ ಮತ್ತು ಕಡಲು ಇಷ್ಟು ಹತ್ತಿರ ಇರುವುದರಿಂದ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕುಮಟಾ ಕಡಲ ದಂಡೆಯಲ್ಲಿದೆ. ನಡುವೆ ಸುಮಾರು 60 ಕಿ.ಮೀ. ಅಷ್ಟೆ. ಬೆಳಿಗ್ಗೆ ಅಡಿಕೆ ತೋಟದ ಮಂಜಿನಲ್ಲಿ ಹೊರಟವರು ಸಂಜೆ ಉಪ್ಪು ಗಾಳಿಯಲ್ಲಿ ಇರುತ್ತೀರಿ. ಒಂದೇ ದಿನದಲ್ಲಿ ಊಟ ಬದಲಾಗುತ್ತದೆ, ಮಾತು ಬದಲಾಗುತ್ತದೆ, ಮನೆಯ ಮಾಡು ಬದಲಾಗುತ್ತದೆ.

ಇನ್ನೊಂದು ಕಾರಣ, ನನಗೆ ಮುಖ್ಯವಾದದ್ದು, ಅಘನಾಶಿನಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಈ ನದಿ ಸುಮಾರು 120 ಕಿ.ಮೀ. ಹರಿದು ತದಡಿಯ ಹತ್ತಿರ ಕಡಲು ಸೇರುತ್ತದೆ. ಕಾಳಿಗೆ, ಶರಾವತಿಗೆ ಅಣೆಕಟ್ಟೆಗಳು ಬಂದವು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಬಂದಿಲ್ಲ. ಹಾಗಾಗಿ ಅದರ ಕಣಿವೆಯಲ್ಲಿ ದೊಡ್ಡ ಕಾಮಗಾರಿಯ ರಸ್ತೆ, ಕಾಲೊನಿ, ಲಾರಿಗಳ ಓಡಾಟ ಕಡಿಮೆ. ಈ ನದಿಯ ಆಚೀಚೆ ಇರುವ ರಸ್ತೆಗಳೇ ನಾನು ಹೇಳುವ ದಾರಿ.

ಯಾವ ಘಟ್ಟ ಶಾಂತ? ಯಾವುದನ್ನು ಬಿಡಬೇಕು?

ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಎಷ್ಟು ಕಡಿದಾಗಿದೆ, ಎಷ್ಟು ಉದ್ದ ಇದೆ ಅಂತ ನೋಡಿ ಘಟ್ಟ ಆರಿಸಬೇಡಿ. ಯಾವ ಗಾಡಿ ಓಡುತ್ತದೆ ಅಂತ ನೋಡಿ ಆರಿಸಿ.

ಅಂಕೋಲಾ–ಯಲ್ಲಾಪುರ ನಡುವಿನ ಅರಬೈಲ್ ಘಟ್ಟವನ್ನು ಸೈಕಲ್‌ನಲ್ಲಿ ಬಿಟ್ಟುಬಿಡಿ. ಅದು ಹುಬ್ಬಳ್ಳಿಯಿಂದ ಕರಾವಳಿಗೆ ಬರುವ ರಾಷ್ಟ್ರೀಯ ಹೆದ್ದಾರಿ 52. ಹಗಲು ರಾತ್ರಿ ಲಾರಿ, ಟ್ಯಾಂಕರ್. ಏರು ಅಷ್ಟೇನೂ ಕಷ್ಟದ್ದಲ್ಲ, ಆದರೆ ಇಡೀ ದಿನ ಡೀಸೆಲ್ ಹೊಗೆ ಕುಡಿಯಬೇಕಾಗುತ್ತದೆ. ಹೊನ್ನಾವರದಿಂದ ಜೋಗದ ಕಡೆ ಹತ್ತುವ ಗೇರುಸೊಪ್ಪೆ ಘಟ್ಟ ಕಾಡಿನ ದೃಷ್ಟಿಯಿಂದ ಬಹಳ ಚಂದ. ಮಾವಿನಗುಂಡಿ ದಾರಿಯಲ್ಲಿ ಮಲೆಮನೆ, ಕತ್ತಲೆಕಾನು ಬರುತ್ತವೆ. ರಾಮಪತ್ರೆ ಜಡ್ಡಿ ಅನ್ನುವ ಬಹಳ ಹಳೆಯ ಜೌಗು ಕಾಡು ಉಳಿದಿರುವ ಜಾಗ ಅದು. ಆದರೆ ಅದೂ ರಾಷ್ಟ್ರೀಯ ಹೆದ್ದಾರಿ. ಶನಿವಾರ, ಭಾನುವಾರ ಜೋಗಕ್ಕೆ ಹೋಗುವ ಕಾರುಗಳ ಸಾಲು. ಹೋಗಲೇಬೇಕು ಅಂದರೆ ವಾರದ ನಡುವೆ, ಬೆಳಕು ಹರಿಯುತ್ತಲೇ ಹೊರಡಿ.

ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟ ಹಿಂದೆ ನಮ್ಮ ನೆಚ್ಚಿನ ದಾರಿಯಾಗಿತ್ತು. ಈಗ ಅದು ಹೆದ್ದಾರಿ 766ಇ. ಅಗಲೀಕರಣ ಆಗಿ ಗಾಡಿಗಳ ವೇಗ ಹೆಚ್ಚಾಗಿದೆ.

ನನ್ನ ಆಯ್ಕೆ ಸಿದ್ದಾಪುರ–ಕುಮಟಾ ನಡುವಿನ ದೊಡ್ಮನೆ ಘಟ್ಟ. ಕೆಳಗಿನವರು ಬಡಾಳ ಘಟ್ಟ ಅಂತಲೂ ಹೇಳುತ್ತಾರೆ. ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರ ಊರು ಇದೇ ದೊಡ್ಮನೆ. ಕೆಳಗೆ ಬಡಾಳ, ಸಂತೆಗುಳಿ ದಾಟಿ ಕುಮಟಾ ತಲುಪುತ್ತೀರಿ. ರಸ್ತೆ ಕಿರಿದು, ತಿರುವು ಜಾಸ್ತಿ. ಅದಕ್ಕೇ ದೊಡ್ಡ ಲಾರಿಗಳಿಗೆ ಇದು ಇಷ್ಟವಿಲ್ಲ. ಶಿರಸಿಯಿಂದ ಅಂಕೋಲಾ ಕಡೆ ಇಳಿಯುವ ವಡ್ಡಿ ಘಟ್ಟವೂ ಹೀಗೇ. ಅಚವೆ ಕಡೆ ಬಂದು ಸೇರುತ್ತದೆ. ಇಲ್ಲಿ ಅಂಗಡಿ ಮುಂಗಟ್ಟು ಕಡಿಮೆ, ಆದ್ದರಿಂದ ತಿಂಡಿ, ನೀರು ಕಟ್ಟಿಕೊಂಡೇ ಹೊರಡಬೇಕು.

ಕಾರವಾರದಿಂದ ಜೋಯಿಡಾ ಕಡೆ ಹತ್ತುವ ಅಣಶಿ ಘಟ್ಟದ ಮಾತೇ ಬೇರೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಹೋಗುವ ದಾರಿ ಅದು. ಒಬ್ಬರೇ ಹೋಗುವವರಿಗೆ, ಮೊದಲ ಸಲ ಬರುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಗೊತ್ತಿಲ್ಲದ ರಸ್ತೆ ಶಾಂತ ಇದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಬಸ್ ಲೆಕ್ಕ ಹಾಕಿ. ದಿನಕ್ಕೆ ಮೂರು ನಾಲ್ಕು ಸರ್ಕಾರಿ ಬಸ್ ಮಾತ್ರ ಓಡುವ ರಸ್ತೆ ಇದ್ದರೆ ಅದೇ ನಿಮ್ಮ ರಸ್ತೆ. ಬಸ್ಸೇ ಇಲ್ಲದ ರಸ್ತೆ ಶಾಂತ ಇರುತ್ತದೆ ನಿಜ, ಆದರೆ ಮುಂದೆ ಎಲ್ಲಿ ಕಡಿದುಹೋಗಿದೆ, ಎಲ್ಲಿ ಹೊಳೆಗೆ ಸೇತುವೆ ಇಲ್ಲ ಅಂತ ಗೊತ್ತಾಗುವುದಿಲ್ಲ. ಗಂಟೆಗೆ ನಾಲ್ಕು ಬಸ್ ಓಡಿದರೆ ಅಲ್ಲಿ ಲಾರಿಯೂ ಓಡುತ್ತದೆ.

ಫೋನಿನ ನಕ್ಷೆ ಗೀಟು ತೋರಿಸಿದ ಮಾತ್ರಕ್ಕೆ ದಾರಿ ಇದೆ ಅಂತ ನಂಬಬೇಡಿ. ನಮ್ಮ ಕಡೆ ಎಷ್ಟೋ ಹಳ್ಳಿಗಳ ನಡುವೆ ಇರುವುದು ಕಾಲುಸಂಕ ಮಾತ್ರ. ಅಡಿಕೆ ಮರದ ಎರಡು ದಬ್ಬೆ, ಹಿಡಿದುಕೊಳ್ಳಲು ಒಂದು ಬಿದಿರು. ಸಾಮಾನು ಬಿಚ್ಚಿ, ಸೈಕಲ್ ಹೆಗಲಿಗೆ ಏರಿಸಿ ನಾನೂ ದಾಟಿದ್ದೇನೆ. ಬೇಸಿಗೆಯಲ್ಲಿ ಪರವಾಗಿಲ್ಲ. ಮಳೆಗಾಲದಲ್ಲಿ ಬೇಡವೇ ಬೇಡ.

ದಾರಿ ಕೇಳುವಾಗ "ಎಷ್ಟು ದೂರ?" ಅಂತ ಕೇಳಿದರೆ "ಇಲ್ಲೇ ಹತ್ರ" ಅನ್ನುತ್ತಾರೆ. ಅದು ಎರಡು ಕಿ.ಮೀ. ಇರಬಹುದು, ಹನ್ನೆರಡೂ ಇರಬಹುದು. "ಮುಂದೆ ಬಸ್ ಹೋಗ್ತದಾ?", "ಹೊಳೆಗೆ ಸೇತುವೆ ಉಂಟಾ?", "ಏರು ಎಲ್ಲಿಂದ ಶುರು?" ಈ ಮೂರು ಕೇಳಿ. ಸರಿಯಾದ ಉತ್ತರ ಸಿಗುತ್ತದೆ.

ಯಾವ ತಿಂಗಳು ಒಳ್ಳೆಯದು?

ನವೆಂಬರ್ ಮಧ್ಯದಿಂದ ಫೆಬ್ರುವರಿ ಕೊನೆ. ಮಳೆ ನಿಂತು ಜಲಪಾತದಲ್ಲಿ ಇನ್ನೂ ನೀರಿರುತ್ತದೆ. ಘಟ್ಟದ ಮೇಲೆ ಬೆಳಿಗ್ಗೆ ಚಳಿ, ಮಂಜು. ಜನವರಿ, ಫೆಬ್ರುವರಿಯಲ್ಲಿ ಶಿರಸಿ, ಸಿದ್ದಾಪುರ ಕಡೆ ಆಲೆಮನೆ ಹೂಡುತ್ತಾರೆ. ರಸ್ತೆ ಬದಿಗೆ ಬೆಲ್ಲ ಕುದಿಯುವ ವಾಸನೆ ಬಂದರೆ ಸೈಕಲ್ ನಿಲ್ಲಿಸಿ. ಸುಮ್ನೆ ಹೋಗಿ ನಿಂತರೂ ಕಬ್ಬಿನ ಹಾಲು ಕೊಡುತ್ತಾರೆ.

ಮಾರ್ಚ್ ಬಂತೆಂದರೆ ಘಟ್ಟದ ಕೆಳಗೆ ಸೆಕೆ. ಬಿಸಿಲಿಗಿಂತ ಬೆವರು ಜಾಸ್ತಿ ಸುಸ್ತು ಮಾಡುತ್ತದೆ. ಏಪ್ರಿಲ್, ಮೇನಲ್ಲಿ ಹೋಗಲೇಬೇಕಾದರೆ ಬೆಳಿಗ್ಗೆ ಹತ್ತರೊಳಗೆ ಆ ದಿನದ ಸವಾರಿ ಮುಗಿಸಿ.

ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಗೋಕರ್ಣ, ಮುರ್ಡೇಶ್ವರದ ಹತ್ತಿರ ಹೋಗಬೇಡಿ. ಶಿವರಾತ್ರಿಗೂ ಅಷ್ಟೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬೆ ಜಾತ್ರೆ ನೋಡಲೇಬೇಕಾದದ್ದು, ಆದರೆ ಆ ವಾರ ಸೈಕಲ್ ಮನೆಯಲ್ಲಿ ಬಿಟ್ಟು ಬಸ್ಸಿನಲ್ಲಿ ಬನ್ನಿ.

ಮಳೆಗಾಲದಲ್ಲಿ ಬಂದರೆ ಹಸಿರು ಚಂದ ಇರುತ್ತದಲ್ವಾ?

ಚಂದ ಇರುತ್ತದೆ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ರಸ್ತೆಗೆ ಸೈಕಲ್ ತರಬೇಡಿ ಅಂತ ಕೈಮುಗಿದು ಹೇಳುತ್ತೇನೆ.

2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಜರಿದು ಹೆದ್ದಾರಿಯೇ ಬಂದ್ ಆಯಿತು. ಯಲ್ಲಾಪುರದ ಕಳಚೆಯಲ್ಲಿ ತೋಟ, ಮನೆ ಮಣ್ಣು ಪಾಲಾದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿಯ ಕುಟುಂಬ, ಅಲ್ಲಿ ಗಾಡಿ ನಿಲ್ಲಿಸಿದ್ದವರು ಗಂಗಾವಳಿ ನದಿಗೆ ಕೊಚ್ಚಿಹೋದರು. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಹತ್ತಿರ ಕಾಳಿ ನದಿಯ ಹಳೆಯ ಸೇತುವೆ ರಾತ್ರಿ ಕುಸಿಯಿತು.

ಇಲ್ಲಿಯ ಮಣ್ಣು ಚಿರೆಕಲ್ಲಿನದು. ಮೇಲೆ ಗಟ್ಟಿ, ಒಳಗೆ ಜೇಡಿ. ನೀರು ಕುಡಿದು ಕುಡಿದು ಭಾರವಾಗುತ್ತದೆ. ರಸ್ತೆಗಾಗಿ ಬುಡ ಕಡಿದ ಗುಡ್ಡ ಹಾಗೇ ಜಾರಿ ಬರುತ್ತದೆ. ಕಾರಿನವರಿಗಾದರೂ ಅಲ್ಲಿಂದ ಬೇಗ ದಾಟಿ ಹೋಗಲಿಕ್ಕೆ ಆಗುತ್ತದೆ. ಏರಿನಲ್ಲಿ ಗಂಟೆಗೆ ಆರು ಕಿ.ಮೀ. ಹೋಗುವ ನಾವು ಆ ಗುಡ್ಡದ ಕೆಳಗೆ ಎರಡು ತಾಸು ಇರುತ್ತೇವೆ.

ಮಳೆಗಾಲದ ಹಸಿರೇ ಬೇಕು ಅಂದರೆ ಅಕ್ಟೋಬರ್ ಕೊನೆಗೆ ಬನ್ನಿ. ಇಲ್ಲವೇ ಶಿರಸಿಯಿಂದ ಪೂರ್ವಕ್ಕೆ ಬನವಾಸಿ ಕಡೆ ಹೋಗಿ. ಕದಂಬರ ರಾಜಧಾನಿ, ವರದೆಯ ದಂಡೆ, ಬಹುಮಟ್ಟಿಗೆ ಸಪಾಟು ದಾರಿ. ಒಂದು ದಿನದಲ್ಲಿ ಆರಾಮಾಗಿ ಹೋಗಿ ಬರಬಹುದು.

ಎಂಥ ಸೈಕಲ್ ಬೇಕು?

ದುಬಾರಿ ಸೈಕಲ್ ಬೇಕಾಗಿಲ್ಲ. ಹಗುರ ಗೇರ್ ಬೇಕು. ಮುಂದೆ 30 ಹಲ್ಲು, ಹಿಂದೆ 36 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಮುಂದೆ ಹೋಗುತ್ತೀರಿ. ನಿಮಿಷಕ್ಕೆ 60 ಸಲ ತುಳಿದರೆ ಗಂಟೆಗೆ ಆರೂವರೆ ಕಿ.ಮೀ. ಅಷ್ಟು ಸಾಕು. ಉಸಿರು ಕಟ್ಟದೆ ಮಾತಾಡಿಕೊಂಡು ಹತ್ತಬಹುದು. ರೇಸ್ ಸೈಕಲ್ಲಿನ ಗೇರ್ ಇಟ್ಟುಕೊಂಡು ಸಾಮಾನು ಹೇರಿಕೊಂಡು ಬಂದವರು ಮೊದಲ ತಿರುವಿನಲ್ಲೇ ಮಂಡಿ ಹಿಡಿದುಕೊಂಡು ಕೂತದ್ದನ್ನು ನೋಡಿದ್ದೇನೆ.

ಟೈರ್ 35ರಿಂದ 40 ಮಿ.ಮೀ. ಇರಲಿ. ಕಾಂಕ್ರೀಟ್, ಡಾಂಬರು, ಕೆಂಪು ಮಣ್ಣು ಎಲ್ಲದಕ್ಕೂ ಆಗುತ್ತದೆ. ಗಾಳಿ ಗಟ್ಟಿ ತುಂಬಿಸಬೇಡಿ. ಒದ್ದೆ ಎಲೆಯ ಮೇಲೆ ಜಾರುತ್ತದೆ.

ಗೇರ್ ಇಲ್ಲದ ಹಳೆಯ ಸೈಕಲ್ ಇದ್ದರೆ? ಬನ್ನಿ. ಏರಿನಲ್ಲಿ ನೂಕಿಕೊಂಡು ಹೋಗಿ. ಘಟ್ಟದ ಒಟ್ಟು ಏರು 500 ಮೀಟರ್ ಆಸುಪಾಸು. ನಡೆದರೆ ಮೂರು ತಾಸು. ನಡೆಯುವವರಿಗೆ ಕಾಣುವಷ್ಟು ತುಳಿಯುವವರಿಗೆ ಕಾಣುವುದಿಲ್ಲ. ಬ್ರೇಕ್ ಮಾತ್ರ ಹೊಸದಾಗಿ ಹಾಕಿಸಿಕೊಂಡೇ ಬರಬೇಕು, ಅದರಲ್ಲಿ ರಾಜಿ ಇಲ್ಲ.

ಪಂಕ್ಚರ್, ರಿಪೇರಿಗೆ ಎಲ್ಲಿ ಸಿಗುತ್ತದೆ?

ಶಿರಸಿ, ಕುಮಟಾ, ಹೊನ್ನಾವರ, ಕಾರವಾರದಲ್ಲಿ ಸೈಕಲ್ ಅಂಗಡಿಗಳಿವೆ. ಹಳ್ಳಿಯಲ್ಲಿ ಸಿಗುವುದು ಬೈಕ್ ಪಂಕ್ಚರ್ ಅಂಗಡಿ. ಅಲ್ಲಿಯ ಗಾಳಿ ಪೈಪು ಬೈಕಿನ ದಪ್ಪ ವಾಲ್ವಿಗೆ ಕೂರುತ್ತದೆ. ನಿಮ್ಮ ಸೈಕಲ್ಲಿಗೆ ತೆಳ್ಳಗಿನ ವಾಲ್ವ್ ಇದ್ದರೆ ಹತ್ತಿಪ್ಪತ್ತು ರೂಪಾಯಿಯ ಹಿತ್ತಾಳೆ ಅಡಾಪ್ಟರ್ ಒಂದು ಕಿಸೆಯಲ್ಲಿ ಇಟ್ಟುಕೊಳ್ಳಿ. ಎರಡು ಟ್ಯೂಬ್, ಪ್ಯಾಚ್, ಕೈಪಂಪು, ಚೈನ್ ಕೊಂಡಿ, ನಾಲ್ಕು ಕಡ್ಡಿ, ಹಿಂದಿನ ಗೇರಿನ ಹ್ಯಾಂಗರ್ (ಗೇರನ್ನು ಸೈಕಲ್ಲಿನ ಚೌಕಟ್ಟಿಗೆ ಕೂರಿಸುವ ಲೋಹದ ತುಂಡು) ಒಂದು. ಹ್ಯಾಂಗರ್ ಮಾತ್ರ ಇಲ್ಲಿ ಎಲ್ಲೂ ಸಿಗದು.

ಇಳಿಯುವಾಗ ಭಯ ಆಗುತ್ತದೆ. ಏನು ಮಾಡಲಿ?

ಭಯ ಇರುವುದು ಒಳ್ಳೆಯದೇ. ಘಟ್ಟದಲ್ಲಿ ಅಪಾಯ ಇರುವುದು ಏರಿನಲ್ಲಲ್ಲ, ಇಳಿಜಾರಿನಲ್ಲಿ.

ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯಬೇಡಿ. ತಿರುವಿಗೆ ಮೊದಲು ಗಟ್ಟಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಎರಡು ಮೂರು ಕಿ.ಮೀ.ಗೊಮ್ಮೆ ನಿಂತು ಗಾಲಿಯ ರಿಮ್ಮಿನ ಹತ್ತಿರ ಕೈ ಒಯ್ಯಿರಿ. ಬಿಸಿ ತಾಗಿದರೆ ಹತ್ತು ನಿಮಿಷ ಕೂರಿ. ಒಮ್ಮೆ ಸಾಮಾನು ತುಂಬಿಕೊಂಡು ಇಳಿಯುವಾಗ ನಾನು ನಿಲ್ಲದೆ ಬಂದೆ. ಕೆಳಗಿನ ಎರಡನೇ ತಿರುವಿಗೆ ಹಿಂದಿನ ಬ್ರೇಕ್ ಹಿಡಿಯಲೇ ಇಲ್ಲ. ಕಾಲು ಊರಿ, ಒಳಗಿನ ಮಣ್ಣಿನ ದಿಬ್ಬಕ್ಕೆ ಸೈಕಲ್ ಆನಿಸಿ ನಿಲ್ಲಿಸಿದೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವತ್ತಿನಿಂದ ನಿಲ್ಲದೆ ಇಳಿದದ್ದಿಲ್ಲ.

ಬಸ್ ಏರಿ ಬರುವಾಗ ತಿರುವಿನಲ್ಲಿ ರಸ್ತೆಯ ಪೂರ್ತಿ ಅಗಲ ತೆಗೆದುಕೊಳ್ಳುತ್ತದೆ. ಅವರಿಗೆ ಬೇರೆ ದಾರಿ ಇಲ್ಲ. ಹಾರ್ನ್ ಕೇಳಿದ ಕೂಡಲೇ ಎಡಕ್ಕೆ ನಿಂತುಬಿಡಿ, ಕೈ ಎತ್ತಿ. ಡ್ರೈವರ್ ಕೂಡ ಕೈ ಎತ್ತುತ್ತಾರೆ. ಮರುದಿನ ಅದೇ ಬಸ್ ಸಿಕ್ಕರೆ ನಿಮ್ಮ ಗುರುತು ಹಿಡಿದಿರುತ್ತಾರೆ.

ಮರದ ನೆರಳಿನಿಂದ ಘಟ್ಟದೊಳಗೆ ಬೇಗ ಕತ್ತಲಾಗುತ್ತದೆ. ಚಳಿಗಾಲದಲ್ಲಿ ನಾಲ್ಕು ಗಂಟೆಯೊಳಗೆ ಕೆಳಗೆ ಇರುವ ಹಾಗೆ ನೋಡಿಕೊಳ್ಳಿ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯಲಿ.

ಕಾಡುಪ್ರಾಣಿ, ಉಂಬಳ, ನಾಯಿ?

ಕಾಡುಕೋಣ ರಸ್ತೆಗೆ ಬರುತ್ತದೆ. ದೂರದಲ್ಲೇ ನಿಂತುಕೊಳ್ಳಿ, ಅದು ದಾಟಿ ಹೋಗಲಿ, ಮರಿ ಇದ್ದರೆ ಇನ್ನೂ ಹಿಂದೆ ಸರಿಯಿರಿ. ಫೋಟೋಗೆಂದು ಮುಂದೆ ಹೋಗಬೇಡಿ. ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಗಳಿವೆ, ಅವಕ್ಕಾಗಿಯೇ ಸಂರಕ್ಷಿತ ಪ್ರದೇಶವನ್ನೂ ಮಾಡಿದ್ದಾರೆ. ಅವಕ್ಕೆ ಬಾಳೆಹಣ್ಣು, ಬಿಸ್ಕತ್ತು ಹಾಕಬೇಡಿ. ರಸ್ತೆ ಬದಿ ಕಾದು ಕೂರುವ ಅಭ್ಯಾಸವಾದರೆ ಗಾಡಿಗೆ ಸಿಕ್ಕಿ ಸಾಯುತ್ತವೆ.

ಉಂಬಳ, ಅಂದರೆ ರಕ್ತ ಹೀರುವ ಜಿಗಣೆ, ಮಳೆಗಾಲದ್ದು. ನವೆಂಬರಿಗೆ ಒದ್ದೆ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಹತ್ತಬಹುದು. ಅದರಿಂದ ಏನೂ ಆಗುವುದಿಲ್ಲ.

ಉಣುಗಿನ (ಉಣ್ಣೆಯ) ವಿಷಯ ಹಾಗಲ್ಲ. ಡಿಸೆಂಬರಿನಿಂದ ಮೇ ವರೆಗೆ ಸಿದ್ದಾಪುರ, ಹೊನ್ನಾವರ ಕಡೆಯ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಭಯ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಜ್ವರ ಇದು. ಹರಡುವುದು ಉಣುಗಿನಿಂದ. ಒಣ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಆರೋಗ್ಯ ಇಲಾಖೆಯವರು ಹಚ್ಚಿಕೊಳ್ಳಲು ಡೇಪಾ ಎಣ್ಣೆ ಕೊಡುತ್ತಾರೆ. ಸಂಜೆ ಬಿಸಿನೀರು ಸ್ನಾನ ಮಾಡಿ ಮೈ ಪೂರ್ತಿ ನೋಡಿಕೊಳ್ಳಿ. ಮನೆಗೆ ಹೋದ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಇಂಥ ಕಡೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಲೇಬೇಕು.

ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ನಿಂತುಬಿಡಿ, ನಡುವೆ ಸೈಕಲ್ ಇರಲಿ. ಗಾಲಿ ತಿರುಗುವುದು ನಿಂತರೆ ಹೆಚ್ಚಿನ ನಾಯಿಗಳು ಸುಮ್ಮನಾಗುತ್ತವೆ.

ನೀರು, ಊಟ?

ಎರಡು ಬಾಟಲಿ ಸಾಕು. ಮನೆ ಕಂಡಲ್ಲಿ ಕೇಳಿ. ಘಟ್ಟದ ಮೇಲೆ "ಆಸರಿಗೆ ಎಂತ ಬೇಕು?" ಅಂತ ಕೇಳುತ್ತಾರೆ. ಬಾಯಾರಿಕೆಗೆ ಏನು ಕೊಡಲಿ ಅಂತ ಅರ್ಥ. ಬೆಲ್ಲದ ಜೊತೆ ನೀರು, ಮಜ್ಜಿಗೆ, ಮುರುಗಲು ಹಣ್ಣಿನ ಪಾನಕ ಏನಾದರೂ ಬರುತ್ತದೆ. ಅವಸರ ಮಾಡಬೇಡಿ. ಜಗಲಿ ಮೇಲೆ ಕೂತು ಕುಡಿಯಿರಿ, ಎಲ್ಲಿಂದ ಬಂದಿರಿ ಅಂತ ಹೇಳಿ. ದುಡ್ಡು ಕೊಡಲು ಹೋದರೆ ಬೇಜಾರಾಗುತ್ತಾರೆ.

ತಿಂಡಿಗೆ ಘಟ್ಟದ ಮೇಲೆ ತೆಳ್ಳೇವು (ತೆಳು ದೋಸೆ), ಅವಲಕ್ಕಿ. ಕೆಳಗೆ ಬನ್ಸ್, ಮೀನೂಟ. ಏರಿನ ಮಧ್ಯಾಹ್ನಕ್ಕೆ ನನಗೆ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು) ಕಲಸಿದ ಅನ್ನದಷ್ಟು ಹಿತ ಬೇರೆ ಯಾವುದೂ ಇಲ್ಲ. ಉಪ್ಪು, ಹುಳಿ, ನೀರು ಮೂರೂ ಒಟ್ಟಿಗೆ ಹೊಟ್ಟೆಗೆ ಹೋಗುತ್ತದೆ. ಅಂಗಡಿಯ ಎನರ್ಜಿ ಪುಡಿ ನಾನು ತಂದು ನೋಡಿದ್ದೇನೆ, ಈ ಸೆಕೆಗೆ ಅದು ಸೇರುವುದಿಲ್ಲ. ಶಿರಸಿಯಿಂದ ಹೊರಡುವಾಗ ತೊಡದೇವು ಕಟ್ಟಿಸಿಕೊಳ್ಳಿ. ಹಗುರ, ಸಿಹಿ. ಪುಡಿಯಾಗದ ಹಾಗೆ ಡಬ್ಬಿಯಲ್ಲಿಡಿ.

ಉಳಿಯುವುದು ಎಲ್ಲಿ?

ಶಿರಸಿ, ಸಿದ್ದಾಪುರ, ಕುಮಟಾ, ಗೋಕರ್ಣದಲ್ಲಿ ಲಾಡ್ಜ್ ಇವೆ. ಹಳ್ಳಿಗಳಲ್ಲಿ ಹೋಮ್‌ಸ್ಟೇ. ಹಿಂದಿನ ದಿನ ಫೋನ್ ಮಾಡಿದರೆ ಊಟಕ್ಕೆ ಅವರಿಗೂ ಅನುಕೂಲ. ಘಟ್ಟದ ನಡುವೆ ನೆಟ್‌ವರ್ಕ್ ಇರುವುದಿಲ್ಲ, ಮೇಲಿಂದಲೇ ಹೇಳಿ ಹೊರಡಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನಲ್ಲಿ ಟೆಂಟ್ ಹಾಕಬೇಡಿ, ಬೆಂಕಿಯನ್ನಂತೂ ಹಾಕಲೇಬೇಡಿ.

ಹೆಣ್ಣುಮಕ್ಕಳು ಒಬ್ಬರೇ ಬರಬಹುದಾ?

ಬರುತ್ತಾರೆ. ನನ್ನ ಗೆಳತಿಯೊಬ್ಬಳು ಎರಡು ಸಲ ಒಬ್ಬಳೇ ಬಂದಿದ್ದಾಳೆ. ಅವಳು ಪಾಲಿಸುವುದು ಇಷ್ಟು: ಕತ್ತಲಿಗೆ ಮೊದಲು ಊರು ಸೇರುವುದು, ಉಳಿಯುವ ಜಾಗ ಮೊದಲೇ ಗೊತ್ತು ಮಾಡುವುದು, ಹೊರಡುವಾಗ ಆ ಮನೆಯ ಅಕ್ಕನಿಗೋ ಅಮ್ಮನಿಗೋ ಮುಂದಿನ ಊರು ಹೇಳುವುದು. ಅವಳು ಮುಂದಿನ ಊರಿಗೆ ತಲುಪುವ ಹೊತ್ತಿಗೆ ಅಲ್ಲಿಯವರಿಗೆ "ಸೈಕಲ್ ಮೇಲೆ ಒಂದು ಕೂಸು ಬರ್ತಾ ಉಂಟು" ಅಂತ ಸುದ್ದಿ ಹೋಗಿರುತ್ತಿತ್ತಂತೆ. ಕೂಸು ಅಂದರೆ ಇಲ್ಲಿ ಹುಡುಗಿ. ಗೋಕರ್ಣದ ಜನದಟ್ಟಣೆಯ ಬೀಚ್‌ಗಳಲ್ಲಿ ಮಾತ್ರ ಹಳ್ಳಿಗಿಂತ ಜಾಸ್ತಿ ಎಚ್ಚರ ಬೇಕು ಅನ್ನುತ್ತಾಳೆ.

ಬೆಂಗಳೂರಿನಿಂದ ಸೈಕಲ್ ತರುವುದು ಹೇಗೆ?

ರೈಲು. ರಾತ್ರಿ ಬೆಂಗಳೂರಿನಲ್ಲಿ ಹತ್ತಿದರೆ ಬೆಳಿಗ್ಗೆ ತಾಳಗುಪ್ಪ. ಅದು ಕೊನೆಯ ನಿಲ್ದಾಣ, ಹಾಗಾಗಿ ಸೈಕಲ್ ಇಳಿಸಲು ಧಾವಂತ ಇಲ್ಲ. ಜೋಗ ಅಲ್ಲಿಂದ ಹದಿನೈದು ಕಿ.ಮೀ. ಸಿದ್ದಾಪುರಕ್ಕೆ ಅರ್ಧ ದಿನವೂ ಬೇಡ. ವಾಪಸಿಗೆ ಕೊಂಕಣ ರೈಲ್ವೆಯ ದಾರಿಯಲ್ಲಿ ಕಾರವಾರದಿಂದ ಬೆಂಗಳೂರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಚಿಕ್ಕ ನಿಲ್ದಾಣಗಳಲ್ಲಿ ರೈಲು ಒಂದೆರಡು ನಿಮಿಷ ಮಾತ್ರ ನಿಲ್ಲುತ್ತದೆ, ಲಗೇಜ್ ಡಬ್ಬಿಗೆ ಸೈಕಲ್ ಏರಿಸಲು ಆಗುವುದಿಲ್ಲ. ರೈಲು ಹೊರಡುವ ಕಾರವಾರದಲ್ಲೇ ಬುಕ್ ಮಾಡುವುದು ಒಳ್ಳೆಯದು.

ಪೆಟ್ರೋಲ್ ಇಲ್ಲದ ಗಾಡಿಯಾದ್ದರಿಂದ ಬುಕಿಂಗ್ ಸುಲಭ. ಆದರೆ ಹಿಂದಿನ ಗೇರನ್ನು ಬಿಚ್ಚಿ ಒಳಗೆ ಕಟ್ಟಿ, ಹ್ಯಾಂಡಲ್ ತಿರುಗಿಸಿ, ರಟ್ಟು ಸುತ್ತಿ. ಒಮ್ಮೆ ಹಾಗೇ ಕೊಟ್ಟಿದ್ದೆ. ಯಾವುದೋ ಮೂಟೆ ಮೇಲೆ ಬಿದ್ದು ಹ್ಯಾಂಗರ್ ಬಾಗಿಹೋಗಿತ್ತು. ಇಡೀ ಪ್ರವಾಸ ಎರಡೇ ಗೇರಿನಲ್ಲಿ ತುಳಿದೆ. ಮೇಲೆ ಹ್ಯಾಂಗರ್ ಇಟ್ಟುಕೊಳ್ಳಿ ಅಂತ ಹೇಳಿದ್ದು ಅದಕ್ಕೇ.

ಮೊದಲ ಸಲ ಬರುವವರಿಗೆ ನಾಲ್ಕು ದಿನದ ದಾರಿ ಹೇಳಿ.

ಮೊದಲ ದಿನ ತಾಳಗುಪ್ಪದಿಂದ ಸಿದ್ದಾಪುರ. ಹೊತ್ತಿದ್ದರೆ ಹತ್ತಿರದ ಬಿಳಗಿಯಲ್ಲಿ ರತ್ನತ್ರಯ ಬಸದಿ ನೋಡಿ. ಕಲ್ಲಿನ ಕೆತ್ತನೆ ಒಳ್ಳೆಯದಿದೆ, ಜನ ಇರುವುದಿಲ್ಲ.

ಎರಡನೇ ದಿನ ಹೆಗ್ಗರಣಿ ಕಡೆ ಹೋಗಿ ಉಂಚಳ್ಳಿ ಜಲಪಾತ ನೋಡಿ. ಅಘನಾಶಿನಿ ಅಲ್ಲಿ 116 ಮೀಟರ್ ಕೆಳಗೆ ಬೀಳುತ್ತದೆ. 1845ರಲ್ಲಿ ಲಶಿಂಗ್‌ಟನ್ ಅನ್ನುವ ಬ್ರಿಟಿಷ್ ಅಧಿಕಾರಿ ನೋಡಿದ್ದರಿಂದ ಅವನ ಹೆಸರೂ ಅಂಟಿಕೊಂಡಿದೆ. ಊರವರ ಹೆಸರು ಕೆಪ್ಪ ಜೋಗ. ಅದರ ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ. ಸಾಮಾನನ್ನು ನೀವು ಉಳಿದುಕೊಂಡ ಕಡೆ ಬಿಟ್ಟು ಖಾಲಿ ಸೈಕಲ್‌ನಲ್ಲಿ ಹೋಗಿ ಬನ್ನಿ.

ಮೂರನೇ ದಿನ ದೊಡ್ಮನೆ ಘಟ್ಟ. ಆರೂವರೆಗೆ ಹೊರಡಿ. ಘಟ್ಟದ ತಲೆಯಲ್ಲಿ ಒಂದು ಕಡೆ ತುಳಿಯುವುದು ನಿಲ್ಲಿಸಿ ಹಾಗೇ ಕೂರಿ. ಮೊದಲು ಸೈಕಲ್ಲಿನ ಫ್ರೀವೀಲ್ ಟಿಕ್‌ಟಿಕ್ ನಿಲ್ಲುತ್ತದೆ. ಆಮೇಲೆ ನಿಮ್ಮ ಉಸಿರಿನ ಸದ್ದು ಕಡಿಮೆಯಾಗುತ್ತದೆ. ಕೆಳಗಿನ ಕಣಿವೆಯಲ್ಲಿ ಎಲ್ಲೋ ಹಳ್ಳ ಹರಿಯುವುದು ಕೇಳುತ್ತದೆ. ಸಿಳ್ಳಾರ ಹಕ್ಕಿ ಶಾಲೆ ಹುಡುಗನ ಹಾಗೆ ಶಿಳ್ಳೆ ಹಾಕುತ್ತದೆ. ಒಂದು ಜನವರಿಯಲ್ಲಿ ಅಲ್ಲಿ ಕೂತಿದ್ದಾಗ ತಲೆ ಮೇಲೆ ದೊಡ್ಡ ಬೀಸಣಿಗೆ ಬೀಸಿದ ಹಾಗೆ ಸದ್ದು ಬಂತು. ಗಾಳಿ ಅಂದುಕೊಂಡೆ. ನೋಡಿದರೆ ಜೋಡಿ ಮಂಗಟ್ಟೆ ಹಕ್ಕಿ. ರೆಕ್ಕೆ ಬಡಿತ ಅಷ್ಟು ದೂರದಿಂದ ಕೇಳುತ್ತಿತ್ತು. ಒಂದೇ ಒಂದು ಬೈಕ್ ಹೋಗಿದ್ದರೂ ಆ ಸದ್ದು ತಪ್ಪುತ್ತಿತ್ತು. ನಾನು ಘಟ್ಟ ಆರಿಸುವಾಗ ಲಾರಿ ಲೆಕ್ಕ ಹಾಕುವುದು ಇದಕ್ಕಾಗಿ. ಅವತ್ತು ರಾತ್ರಿ ಕುಮಟಾ.

ನಾಲ್ಕನೇ ದಿನ ಗೋಕರ್ಣ. ಹೆದ್ದಾರಿ 66ರಲ್ಲಿ ಹೋದರೆ ಮೂವತ್ತು ಚಿಲ್ಲರೆ ಕಿ.ಮೀ. ಅದು ಬೇಡ. ಕುಮಟಾದಿಂದ ಹೊಲನಗದ್ದೆ, ಬಾಡ, ಕಾಗಾಲ ಮೇಲೆ ಅಘನಾಶಿನಿ ಅನ್ನುವ ಊರಿಗೇ ಹೋಗಿ. ನದಿಯ ಹೆಸರೇ ಊರಿಗೂ. ದಾರಿಯಲ್ಲಿ ನದಿಯ ಬದಿಗೆ ಗಜನಿ ಗದ್ದೆಗಳು ಬರುತ್ತವೆ. ಉಬ್ಬರದಲ್ಲಿ ಉಪ್ಪು ನೀರು ನುಗ್ಗುವ ಗದ್ದೆ. ಅದರಲ್ಲೂ ಬೆಳೆಯುವ ಕಗ್ಗ ಅನ್ನುವ ಭತ್ತ ಇಲ್ಲಿಯದು. ಕೊಯ್ಲಿನಲ್ಲಿ ತೆನೆ ಮಾತ್ರ ಕತ್ತರಿಸಿ ಹುಲ್ಲನ್ನು ನೀರಿಗೇ ಬಿಡುತ್ತಾರೆ. ಅದು ಮೀನಿಗೆ, ಸಿಗಡಿಗೆ ಮೇವು. ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಚಿಪ್ಪು ಆರಿಸುತ್ತಿರುತ್ತಾರೆ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು.

ಅಘನಾಶಿನಿಯಿಂದ ತದಡಿಗೆ ಸೈಕಲ್ ಸಮೇತ ದಾಟಬಹುದಾ?

ದಾಟಬಹುದು. ತಾರಿ ಬೋಟ್ ಇದೆ. ಸಮಯವನ್ನು ಕುಮಟಾದಲ್ಲೇ ಕೇಳಿಕೊಂಡು ಹೊರಡಿ. ಗಾಳಿ ಜಾಸ್ತಿ ಇದ್ದರೆ ಬಿಡುವುದಿಲ್ಲ, ಆಗ ತಕರಾರು ಮಾಡಬೇಡಿ.

ಚೀಲಗಳನ್ನು ಬಿಚ್ಚಿ ಮೊದಲು ಕೊಡಿ. ಆಮೇಲೆ ಸೈಕಲ್, ಮುಂದಿನ ಗಾಲಿ ಮೊದಲು. ಒಳಗಿದ್ದವರು ಯಾರಾದರೂ ಹ್ಯಾಂಡಲ್ ಹಿಡಿದು ಎಳೆದುಕೊಳ್ಳುತ್ತಾರೆ, ಕೇಳಬೇಕಾಗಿಯೇ ಇಲ್ಲ. ಮೀನು ಬುಟ್ಟಿಯವರಿಗೆ, ಶಾಲೆ ಮಕ್ಕಳಿಗೆ ತಾಗದ ಹಾಗೆ ಗೇರಿನ ಬದಿ ಹೊರಗೆ ಬರಲಿ. ಬ್ರೇಕ್ ಹಿಡಿದು ನಿಂತುಕೊಳ್ಳಿ. ನಡುನೀರಿನಲ್ಲಿ ಎಡಕ್ಕೆ ಕಡಲು, ಬಲಕ್ಕೆ ನೀವು ಇಳಿದು ಬಂದ ಘಟ್ಟ ನೀಲಿಯಾಗಿ ಕಾಣುತ್ತದೆ.

ತದಡಿಯಲ್ಲಿ ಇಳಿದರೆ ಗೋಕರ್ಣ ಕೆಲವೇ ಕಿ.ಮೀ. ಬಲಕ್ಕೆ ಸ್ವಲ್ಪ ಸುತ್ತು ಹಾಕಿದರೆ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಬಹುದು. ಗೋಕರ್ಣ ತಲುಪಿದ ಮೇಲೆ ಸ್ನಾನಕ್ಕೆ ಹೋಗುವ ಮೊದಲು ಒಂದು ಬಕೆಟ್ ಸಿಹಿನೀರು ಕೇಳಿ ಸೈಕಲ್ ತೊಳೆಯಿರಿ, ಚೈನ್ ಒರೆಸಿ ಎಣ್ಣೆ ಬಿಡಿ. ಉಪ್ಪುನೀರು ಒಂದು ರಾತ್ರಿ ಇದ್ದರೆ ಸಾಕು, ಬೆಳಿಗ್ಗೆ ಚೈನ್ ಕೆಂಪಾಗಿರುತ್ತದೆ.